ರೋಯಿಂಗ್ ಮಷಿನ್ ಮೇಲೆ ಹಾರ್ಟ್ ರೇಟ್ ತಪ್ಪು ತೋರಿಸ್ತಿದೆಯಾ? ಹೊಸ ಮಾನಿಟರ್ ಕೊಳ್ಳುವ ಮುಂಚೆ ಹೀಗೆ ಪತ್ತೆ ಹಚ್ಚಿ

ಹೋದ ಜನವರಿಯ ಒಂದು ಭಾನುವಾರ ಬೆಳಿಗ್ಗೆ ವಿಜಯನಗರದಿಂದ ಭಾವನ ಫೋನ್ ಬಂತು. "ಏನಪ್ಪಾ, ಇಪ್ಪತ್ತು ನಿಮಿಷ ರೋಯಿಂಗ್ ಮಾಡಿದೆ, ಬನಿಯನ್ ಹಿಂಡಿದ್ರೆ ನೀರು ಬರುತ್ತೆ, ಏದುಸಿರು ಇನ್ನೂ ನಿಂತಿಲ್ಲ. ಈ ವಾಚ್ ನೋಡಿದ್ರೆ 96 ಅಂತಿದೆ. ತೊಂದರೆ ನನ್ನ ಹಾರ್ಟ್‌ದಾ, ವಾಚ್‌ದಾ?" ಭಾವನಿಗೆ 52 ವರ್ಷ. ದನಿಯಲ್ಲಿ ಭಯ ಇತ್ತು. ಹಿಂದಿನಿಂದ ಅಕ್ಕ "ಡಾಕ್ಟರ ಹತ್ರ ಹೋಗೋಣ ಅಂದ್ರೆ ಕೇಳ್ತಿಲ್ಲ, ನೀನಾದ್ರೂ ಹೇಳು" ಅಂತಿದ್ದಳು.

ಎದೆ ನೋವು, ತಲೆ ಸುತ್ತು, ಎಡಗೈ ಸೆಳೆತ ಏನಾದರೂ ಇದೆಯಾ ಅಂತ ಮೊದಲು ಕೇಳಿದೆ. ಏನೂ ಇಲ್ಲ ಅಂದರು. "ಹಂಗಾದ್ರೆ ಭಾವ, ಕೂತ್ಕೊಳ್ಳಿ. ಕತ್ತಿನ ಒಂದು ಪಕ್ಕ ಎರಡು ಬೆರಳು ಮೆಲ್ಲಗೆ ಇಟ್ಟು ನಾಡಿ ಎಣಿಸಿ, 15 ಸೆಕೆಂಡ್ ಆದ ತಕ್ಷಣ ನಾನು ಹೇಳ್ತೀನಿ." ಅವರು ಎಣಿಸಿದ್ದು 31. ನಾಲ್ಕರಿಂದ ಗುಣಿಸಿದರೆ 124. ಅದೇ ಹೊತ್ತಿಗೆ ವಾಚ್ 88 ತೋರಿಸುತ್ತಿತ್ತು. ಎಳೆಯುವುದು ನಿಲ್ಲಿಸಿ ಎರಡು ಮೂರು ನಿಮಿಷ ಆದಮೇಲೂ ನಾಡಿ 124 ಇದೆ ಅಂದರೆ, ಎಳೆಯುವಾಗ ಅದಕ್ಕಿಂತ ಜಾಸ್ತಿಯೇ ಇತ್ತು. ಸುಳ್ಳು ಹೇಳುತ್ತಿರುವುದು ವಾಚ್.

ಈ ಎರಡು ಬೆರಳಿನ ಪರೀಕ್ಷೆ ಮಾಡದೆ ಯಾರೂ ಮುಂದಿನ ಹೆಜ್ಜೆ ಇಡಬೇಡಿ. ನಾನು ಬಸವೇಶ್ವರನಗರದ ಮನೆಯ ಹಜಾರದಲ್ಲಿ ಆರು ವರ್ಷದಿಂದ ರೋಯಿಂಗ್ ಮಷಿನ್, ಅಂದರೆ ಕೂತು ದೋಣಿಯ ಹುಟ್ಟು ಹಾಕುವ ಹಾಗೆ ಹ್ಯಾಂಡಲ್ ಎಳೆಯುವ ಮಷಿನ್, ಎಳೆಯುತ್ತಿದ್ದೇನೆ. ಗೊತ್ತಿರುವವರು ಮಾನಿಟರ್ ಕೆಟ್ಟಿದೆ ಅಂತ ನನ್ನ ಹತ್ತಿರ ತಂದಾಗಲೆಲ್ಲ ಕಂಡದ್ದು ಒಂದೇ: ಉಪಕರಣ ನಿಜವಾಗಿ ಕೆಟ್ಟಿದ್ದು ಅಪರೂಪ. ಚರ್ಮಕ್ಕೂ ಮಾನಿಟರ್‌ನ ಪಟ್ಟಿಗೂ ನಡುವೆ, ಇಲ್ಲ ಪಟ್ಟಿಗೂ ಮಷಿನ್‌ಗೂ ನಡುವೆ ಎಲ್ಲೋ ಕೊಂಡಿ ಕಳಚಿರುತ್ತದೆ. ಎಲ್ಲಿ ಅಂತ ಗೊತ್ತಾಗದೆ ಹೊಸದು ತಂದರೆ ಅದೂ ಹಾಗೇ ಆಗುತ್ತದೆ.

ಕೈಗೆ ಕಟ್ಟುವ ವಾಚ್ ಆಗಿದ್ದರೆ

ಅವತ್ತು ಸಂಜೆ ನನ್ನ ಎದೆಪಟ್ಟಿ (ಎದೆಗೆ ಕಟ್ಟಿ ಹಾರ್ಟ್ ರೇಟ್ ಅಳೆಯುವ ಬೆಲ್ಟ್) ಜೇಬಿಗೆ ಹಾಕಿಕೊಂಡು ಭಾವನ ಮನೆಗೆ ಹೋದೆ. ಅವರಿಗೆ ಎದೆಪಟ್ಟಿ ಕಟ್ಟಿಸಿ, ವಾಚ್ ಮಣಿಕಟ್ಟಿನಲ್ಲೇ ಇರಲಿ ಅಂದೆ. ನಿಮಿಷಕ್ಕೆ 24 ಎಳೆತದಲ್ಲಿ ಐದು ನಿಮಿಷ. ಪಟ್ಟಿ 138 ಅಂದಿತು, ವಾಚ್ 96. ಆಮೇಲೆ "ಬಲ ಹಾಗೇ ಇರಲಿ, ಎಳೆತ ಮಾತ್ರ 26 ಮಾಡಿ" ಅಂದೆ. ಪಟ್ಟಿ 140ರ ಹತ್ತಿರವೇ ಇತ್ತು. ವಾಚ್ ನಿಧಾನಕ್ಕೆ ಮೇಲೆ ಹೋಗಿ 104ಕ್ಕೆ ನಿಂತಿತು.

ಲೆಕ್ಕ ನೋಡಿ. 24ರ ನಾಲ್ಕರಷ್ಟು 96, 26ರ ನಾಲ್ಕರಷ್ಟು 104. ವಾಚ್ ಎಣಿಸುತ್ತಿದ್ದದ್ದು ಭಾವನ ಎದೆಬಡಿತವನ್ನಲ್ಲ, ಅವರ ಕೈ ಅಲುಗಾಟವನ್ನು! ಎಲ್ಲ ವಾಚ್‌ಗೂ ಹೀಗೆ ಕರಾರುವಾಕ್ಕಾಗಿ ಲೆಕ್ಕ ಕೂಡುವುದಿಲ್ಲ. ಆದರೆ ಬಲ ಹಾಗೇ ಇಟ್ಟು ಎಳೆತ ಬದಲಾಯಿಸಿದಾಗ ಹಾರ್ಟ್ ರೇಟ್ ಅದರ ಬೆನ್ನು ಹತ್ತಿದರೆ ಅನುಮಾನ ಬೇಡ, ಅದು ನಿಮ್ಮ ಹಾರ್ಟ್ ರೇಟ್ ಅಲ್ಲ.

ಯಾಕೆ ಹೀಗಾಗುತ್ತೆ ಅಂದರೆ, ವಾಚ್ ಹಿಂಬದಿಯ ಹಸಿರು ದೀಪ ಚರ್ಮದೊಳಕ್ಕೆ ಬೆಳಕು ಬಿಡುತ್ತದೆ. ಪ್ರತಿ ಬಡಿತಕ್ಕೂ ರಕ್ತ ತುಂಬಿ ಇಳಿಯುವಾಗ ವಾಪಸ್ ಬರುವ ಬೆಳಕು ಕೊಂಚ ಹೆಚ್ಚು ಕಡಿಮೆ ಆಗುತ್ತದೆ. ಆ ಸಣ್ಣ ಏರಿಳಿತವೇ ಅದಕ್ಕೆ ಸಿಗುವ ಸುಳಿವು. ರೋಯಿಂಗ್‌ನಲ್ಲಿ ಹ್ಯಾಂಡಲ್ ಬಿಗಿಯಾಗಿ ಹಿಡಿದಾಗ ಮುಂಗೈ ಸ್ನಾಯುಗಳೆಲ್ಲ ಸೆಟೆದುಕೊಳ್ಳುತ್ತವೆ, ರಕ್ತದ ಓಡಾಟ ಕಮ್ಮಿಯಾಗುತ್ತದೆ, ಎಳೆತದ ಕೊನೆಗೆ ಮಣಿಕಟ್ಟು ಬಾಗಿ ವಾಚ್ ಚರ್ಮದಿಂದ ಎದ್ದು ಒಳಗೆ ಬೆಳಕು ನುಗ್ಗುತ್ತದೆ, ಇದು ನಿಮಿಷಕ್ಕೆ 24 ಸಲ ತಾಳ ಹಾಕಿದ ಹಾಗೆ ನಡೆಯುತ್ತದೆ. ನಾಡಿಯ ಸಣ್ಣ ಸದ್ದು ಈ ತಾಳದಲ್ಲಿ ಮುಳುಗಿಹೋಗುತ್ತದೆ. ಲಾಲ್‌ಬಾಗ್‌ನಲ್ಲಿ ವಾಕ್ ಮಾಡುವಾಗ ಸರಿಯಾಗಿ ತೋರಿಸುವ ವಾಚೇ ರೋಯಿಂಗ್‌ನಲ್ಲಿ ದಾರಿ ತಪ್ಪುವುದು ಇದಕ್ಕೇ.

ವಾಚನ್ನೇ ಬಳಸಲೇಬೇಕು ಅಂದರೆ ಮಣಿಕಟ್ಟಿನ ಮೂಳೆಯಿಂದ ಎರಡು ಬೆರಳು ಮೇಲೆ, ಬಿಗಿಯಾಗಿ ಕಟ್ಟಿ. ಹ್ಯಾಂಡಲ್ ಹಿಡಿತ ಸಡಿಲ ಮಾಡಿ, ಬೆರಳಿನಲ್ಲಿ ಕೊಕ್ಕೆ ಹಾಕಿದ ಹಾಗೆ ಹಿಡಿಯಿರಿ. ಇದು ಎಳೆಯುವ ರೀತಿಗೂ ಒಳ್ಳೆಯದು. ಸ್ವಲ್ಪ ಸುಧಾರಿಸುತ್ತದೆ, ಪೂರ್ತಿ ಸರಿಹೋಗುವುದಿಲ್ಲ.

ಎದೆಪಟ್ಟಿ: ಮೊದಲ ಐದು ನಿಮಿಷ ತಪ್ಪು, ಆಮೇಲೆ ಸರಿ

ಬೆಂಗಳೂರಿನಲ್ಲಿ ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಇದು ಜಾಸ್ತಿ. ಮಷಿನ್ ಮೇಲೆ ಕೂತ ಕೂಡಲೇ 170, 190 ಅಂತೆಲ್ಲ ತೋರಿಸಿ, ಬೆವರು ಬಂದಮೇಲೆ ತಾನಾಗಿ ಇಳಿದು ಸರಿಯಾಗುತ್ತದೆ. ಪಟ್ಟಿ ಕೆಟ್ಟಿಲ್ಲ. ಚರ್ಮ ಒಣಗಿದೆ, ಅಷ್ಟೇ.

ಎದೆಪಟ್ಟಿ ಕೆಲಸ ಮಾಡುವುದು ಇಸಿಜಿ ಹಾಗೆ. ಹೃದಯ ಮಿಡಿಯುವಾಗ ಹುಟ್ಟುವ ಸಣ್ಣ ವಿದ್ಯುತ್ತನ್ನು ಪಟ್ಟಿಯ ಒಳಬದಿಯ ಎರಡು ರಬ್ಬರ್ ಪ್ಯಾಡ್‌ಗಳು ಹಿಡಿಯುತ್ತವೆ. ಫಿನ್‌ಲೆಂಡ್‌ನಲ್ಲಿ 1977ರಲ್ಲಿ ಶುರುವಾದ ಪೋಲಾರ್ ಕಂಪನಿ 1980ರ ದಶಕದ ಆರಂಭದಲ್ಲೇ ವೈರ್ ಇಲ್ಲದ ಎದೆಪಟ್ಟಿ ತಂದಿತು. ಇವತ್ತಿಗೂ ಮೂಲ ಉಪಾಯ ಅದೇ. ಪ್ಯಾಡ್‌ಗೂ ಚರ್ಮಕ್ಕೂ ನಡುವೆ ತೇವ ಇರಲೇಬೇಕು. ಒಣಗಿದ್ದರೆ ಹೃದಯದ ಸದ್ದಿನ ಬದಲು ಬರೀ ಗೊಜಲು ಕೇಳಿಸುತ್ತದೆ.

ಪ್ಯಾಡ್‌ಗಳನ್ನು ನಲ್ಲಿಯ ಕೆಳಗೆ ಹಿಡಿದು ಚೆನ್ನಾಗಿ ಒದ್ದೆ ಮಾಡಿ. ಬೆರಳಲ್ಲಿ ನಾಲ್ಕು ಹನಿ ಸವರಿದರೆ ಸಾಲದು. ಅದಕ್ಕೂ ಬಗ್ಗದಿದ್ದರೆ ಮೆಡಿಕಲ್ ಸ್ಟೋರ್‌ನಲ್ಲಿ ಇಸಿಜಿ ಜೆಲ್ ಕೇಳಿ, ಒಂದು ಬಾಟಲಿ ತಿಂಗಳುಗಟ್ಟಲೆ ಬರುತ್ತದೆ. ಕಡ್ಲೆಬೇಳೆಯಷ್ಟು ಸಾಕು.

ಇನ್ನೊಂದು ಕಾರಣ ನಮ್ಮ ಮನೆಗಳಲ್ಲಿ ಮಾತ್ರ ಸಿಗುತ್ತೆ. ಚಳಿಗೆ ಮೈ ಒಡೆಯುತ್ತೆ ಅಂತ ಕೊಬ್ಬರಿ ಎಣ್ಣೆ ಹಚ್ಚುತ್ತೇವೆ, ಅಲ್ವಾ? ಎಣ್ಣೆ ಆಗಲಿ, ಬಾಡಿ ಲೋಷನ್ ಆಗಲಿ, ಪ್ಯಾಡ್‌ಗೂ ಚರ್ಮಕ್ಕೂ ನಡುವೆ ಪರದೆ ಎಳೆದುಬಿಡುತ್ತದೆ. ನನ್ನ ಪಟ್ಟಿ ಒಂದು ಸಲ ಶನಿವಾರ ಮಾತ್ರ ಕೈಕೊಡುತ್ತಿತ್ತು. ಮೂರು ವಾರ ತಲೆ ಕೆಡಿಸಿಕೊಂಡ ಮೇಲೆ ಗೊತ್ತಾಯಿತು, ಶನಿವಾರ ಎಣ್ಣೆಸ್ನಾನದ ದಿನ. ಎದೆಯ ಕೆಳಗಿನ ಆ ಒಂದು ಗೇಣು ಜಾಗ ಸೋಪು ಹಾಕಿ ತೊಳೆದು ಕಟ್ಟಿದೆ, ಅವತ್ತೇ ಸರಿಹೋಯಿತು.

ಒಣ ಹವೆಯಲ್ಲಿ ಪಾಲಿಯೆಸ್ಟರ್ ಟೀ ಶರ್ಟ್ ಕೂಡ ಕಾಟ ಕೊಡುತ್ತದೆ. ಬಟ್ಟೆ ಪಟ್ಟಿಗೆ ಉಜ್ಜಿ ಉಜ್ಜಿ ಸ್ಥಿರ ವಿದ್ಯುತ್ ಹುಟ್ಟುತ್ತದೆ, ರಾತ್ರಿ ಸ್ವೆಟರ್ ಬಿಚ್ಚುವಾಗ ಚಟಚಟ ಅನ್ನುತ್ತಲ್ಲ, ಅದೇ. ಪರದೆ ಮೇಲೆ ಇದ್ದಕ್ಕಿದ್ದ ಹಾಗೆ 200 ದಾಟಿದ ಸಂಖ್ಯೆ ಬಂದು ಹೋಗುವುದಕ್ಕೆ ಇದೂ ಕಾರಣ. ಹತ್ತಿ ಬನಿಯನ್ ಹಾಕಿ ನೋಡಿ, ಇಲ್ಲ ಶರ್ಟ್ ಬಿಚ್ಚಿಯೇ ಎಳೆದು ನೋಡಿ.

ಕೂತಾಗ 70 ಇರಬೇಕಾದ್ದು ಸರಿಯಾಗಿ ಎರಡರಷ್ಟು 140 ಬಂದರೆ ಒಂದೇ ಬಡಿತವನ್ನು ಎರಡು ಸಲ ಎಣಿಸುತ್ತಿದೆ ಅಂತ ಅರ್ಥ. ಪಟ್ಟಿಯನ್ನು ಒಂದು ಇಂಚು ಮೇಲೆ ಕೆಳಗೆ ಸರಿಸಿ, ಸಾಮಾನ್ಯವಾಗಿ ಹೋಗುತ್ತದೆ.

ಶುರುವಿನಲ್ಲಿ ಸರಿ, ನಡುವೆ ಕೈಕೊಡುತ್ತೆ

ಇದು ರೋಯಿಂಗ್‌ಗೇ ಅಂಟಿದ ರೋಗ. ಓಡುವವರಿಗೆ, ಸೈಕಲ್ ತುಳಿಯುವವರಿಗೆ ಇಷ್ಟು ಬರುವುದಿಲ್ಲ.

ನೀವು ಎಳೆಯುವುದನ್ನು ಪಕ್ಕದಿಂದ ಯಾರಿಗಾದರೂ ವಿಡಿಯೋ ತೆಗೆಯಲು ಹೇಳಿ. ಮುಂದಕ್ಕೆ ಹೋದಾಗ ಮಂಡಿ ಎದೆ ಹತ್ತಿರ ಬಂದು ಹೊಟ್ಟೆ ಮಡಚಿಕೊಳ್ಳುತ್ತದೆ. ಪಟ್ಟಿ ಪಕ್ಕೆಲುಬಿನ ಕೆಳಗಡೆ ಇದ್ದರೆ ಆ ಮಡಿಕೆಗೆ ಸಿಕ್ಕಿ ಪ್ಯಾಡ್ ಸುಕ್ಕಾಗಿ ಚರ್ಮ ಬಿಟ್ಟು ಏಳುತ್ತದೆ. ಹಿಂದಕ್ಕೆ ಬಂದಾಗ ಹ್ಯಾಂಡಲ್ ಬಂದು ಮುಟ್ಟುವುದು ಎಲ್ಲಿಗೆ? ಎದೆಯ ಕೆಳಗೆ, ಪಟ್ಟಿಯ ನಡುವೆ ಸಿಕ್ಕಿಸುವ, ಬಡಿತದ ಲೆಕ್ಕ ಕಳಿಸುವ ಸಣ್ಣ ಡಬ್ಬಿ ಇರುವ ಜಾಗದ ಅಕ್ಕಪಕ್ಕಕ್ಕೇ. ನನ್ನ ಮೊದಲ ಪಟ್ಟಿಯ ಡಬ್ಬಿ ಮೇಲೆ ಹ್ಯಾಂಡಲ್‌ನ ಗೀರುಗಳೇ ಇದ್ದವು. ಅದು ಟಕ್ ಅಂತ ಬಡಿದಾಗಲೆಲ್ಲ ಪಟ್ಟಿ ಒಂದೊಂದು ನೂಲು ಕೆಳಗೆ ಜಾರುತ್ತಿತ್ತು, 2000 ಮೀಟರ್ ಮುಗಿಯುವ ಹೊತ್ತಿಗೆ ಹೊಟ್ಟೆ ಮೇಲೆ ಇರುತ್ತಿತ್ತು.

ಪಟ್ಟಿಯನ್ನು ಎದೆಯ ಸ್ನಾಯುವಿನ ಅಂಚಿಗೆ ತಾಗುವಷ್ಟು ಮೇಲೆ ಕಟ್ಟಿ. ಹೆಂಗಸರಾದರೆ ಸ್ಪೋರ್ಟ್ಸ್ ಬ್ರಾದ ಕೆಳ ಅಂಚಿನ ಒಳಗೆ ಬರಬೇಕು, ಆಗ ಬ್ರಾ ಕೂಡ ಒತ್ತಿ ಹಿಡಿಯುತ್ತದೆ. ಬಿಗಿ ಎಷ್ಟಿರಬೇಕು ಅಂದರೆ, ಪೂರ್ತಿ ಉಸಿರು ಎಳೆದುಕೊಳ್ಳಬಹುದು, ಆದರೆ ಕೈಯಿಂದ ಎಳೆದರೆ ಪಟ್ಟಿ ಜಾರಬಾರದು. ಇಷ್ಟಾದ ಮೇಲೂ ಹ್ಯಾಂಡಲ್ ತಾಗುತ್ತಿದ್ದರೆ ಪಟ್ಟಿಯನ್ನು ಸ್ವಲ್ಪ ತಿರುಗಿಸಿ ಡಬ್ಬಿಯನ್ನು ಎಡಗಡೆಗೆ ತನ್ನಿ. ಕೆಲವರು ಪೂರ್ತಿ ಬೆನ್ನಿಗೇ ಹಾಕುತ್ತಾರೆ, ಕೆಲವರಿಗೆ ಅದೂ ಸರಿಹೋಗುತ್ತದೆ. ನನಗೆ ಎಡ ಪಕ್ಕೆ ಚೆನ್ನಾಗಿ ಹೊಂದಿತು.

ಪಟ್ಟಿಗೂ ವಯಸ್ಸಾಗುತ್ತೆ ಅನ್ನುವುದನ್ನು ಬಹಳ ಜನ ಮರೆಯುತ್ತಾರೆ. ಡಬ್ಬಿ ವರ್ಷಗಟ್ಟಲೆ ಬಾಳುತ್ತದೆ, ಬಟ್ಟೆಯ ಭಾಗ ಅಷ್ಟು ಬಾಳುವುದಿಲ್ಲ. ಬೆವರಿನ ಉಪ್ಪು ಪ್ಯಾಡ್ ಒಳಗೆ ಸೇರಿ ಸೇರಿ ಅದು ಸೀಳುತ್ತದೆ. ಟಿಚ್ ಬಟನ್ ಸುತ್ತ ಹಸಿರು ಕಿಲುಬು ಕಟ್ಟುತ್ತದೆ. ಪ್ರತಿದಿನ ಬಿಚ್ಚಿದ ಕೂಡಲೇ ನೀರಿನಲ್ಲಿ ಜಾಲಿಸಿ, ವಾರಕ್ಕೊಮ್ಮೆ ಸೌಮ್ಯ ಸೋಪಿನಲ್ಲಿ ತೊಳೆಯಿರಿ. ನಮ್ಮ ಬೀದಿಯಲ್ಲಿ ಕಾವೇರಿ ನೀರು ಬರದ ದಿನ ಬೋರ್‌ವೆಲ್ ನೀರೇ ಗತಿ. ಆ ಗಡಸು ನೀರಲ್ಲಿ ತೊಳೆದು ಒಣಗಿಸಿದರೆ ಬಕೆಟ್ ಅಂಚಿಗೆ ಕಟ್ಟುವ ಬಿಳಿ ಪುಡಿ ಪ್ಯಾಡ್ ಮೇಲೂ ಕಾಣುತ್ತದೆ. ಹಾಗಾಗಿ ಕೊನೆಯ ಜಾಲಿಕೆಗೆ ಮಾತ್ರ ಒಂದು ಲೋಟ ಫಿಲ್ಟರ್ ನೀರು ಬಳಸುತ್ತೇನೆ. ವಾಷಿಂಗ್ ಮೆಷಿನ್, ಬ್ಲೀಚ್, ಫ್ಯಾಬ್ರಿಕ್ ಸಾಫ್ಟ್‌ನರ್ ಹತ್ತಿರ ಸೇರಿಸಬೇಡಿ. ಸುಡು ಬಿಸಿಲಿಗೂ ಬೇಡ. ಮಳೆಗಾಲದಲ್ಲಿ ಫ್ಯಾನ್ ಕೆಳಗೆ ಹರಡಿ, ಮುದ್ದೆ ಮಾಡಿ ಬ್ಯಾಗ್‌ನಲ್ಲಿ ಇಟ್ಟರೆ ಎರಡೇ ದಿನಕ್ಕೆ ಮುಗ್ಗಲು ವಾಸನೆ ಹಿಡಿಯುತ್ತದೆ.

ಹಳೇ ಪಟ್ಟಿಯ ಮೇಲೆ ಅನುಮಾನ ಬಂದರೆ ಸ್ನೇಹಿತರ ಪಟ್ಟಿಗೆ ನಿಮ್ಮ ಡಬ್ಬಿ ಸಿಕ್ಕಿಸಿ ನೋಡಿ. ಸರಿಯಾದರೆ ಬರೀ ಪಟ್ಟಿ ಕೊಂಡರೆ ಸಾಕು, ಅದು ಬಿಡಿಯಾಗಿ ಸಿಗುತ್ತದೆ. ಪೂರ್ತಿ ಸೆಟ್‌ಗೆ ದುಡ್ಡು ಸುರಿಯುವ ಮುಂಚೆ ಇದೊಂದು ಮಾಡಿ, ದಯವಿಟ್ಟು.

ಸೆಲ್

ಸಂಖ್ಯೆ ಆಗಾಗ ಮಾಯವಾಗುವುದು, ಡ್ಯಾಶ್ ಬರುವುದು, ಮಷಿನ್ ಪಕ್ಕದಲ್ಲೇ ಇದ್ದರೂ ಪತ್ತೆಯಾಗದಿರುವುದು, ಇವೆಲ್ಲ ಸೆಲ್ ಸೋತಾಗಿನ ಲಕ್ಷಣಗಳು. ಕೆಲವದಕ್ಕೆ ಸಿಆರ್2032, ಕೆಲವದಕ್ಕೆ ಸಿಆರ್2025. ನಂಬರಿನಲ್ಲೇ ಅಳತೆ ಇದೆ: 20 ಅಂದರೆ 20 ಮಿಲಿಮೀಟರ್ ಅಗಲ, 32 ಅಂದರೆ 3.2 ಮಿಲಿಮೀಟರ್ ದಪ್ಪ, 25 ಅಂದರೆ 2.5. ಅಗಲ ಒಂದೇ ಆದ್ದರಿಂದ ಒಂದರ ಜಾಗಕ್ಕೆ ಇನ್ನೊಂದು ಕೂತ ಹಾಗೇ ಕಾಣುತ್ತದೆ. ತೆಳುವಾದದ್ದು ಹಾಕಿದರೆ ಒಳಗಿನ ತಗಡಿಗೆ ಸರಿಯಾಗಿ ತಾಗದೆ, ಹ್ಯಾಂಡಲ್ ಬಡಿದಾಗಲೆಲ್ಲ ಆಫ್ ಆಗುತ್ತದೆ. ಇದನ್ನು ನಾನೇ ಒಬ್ಬರ ಡಬ್ಬಿಯಲ್ಲಿ ಕಂಡಿದ್ದೇನೆ.

ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಬಜಾರ್ ಎಸ್.ಪಿ. ರೋಡ್‌ಗೆ ಹೋದರೆ ಎರಡೂ ಸಿಗುತ್ತವೆ. ಪ್ಯಾಕ್ ಒಡೆಯದ, ದಿನಾಂಕ ಅಚ್ಚಾಗಿರುವ ಒಳ್ಳೆ ಕಂಪನಿಯದು ಕೇಳಿ ತನ್ನಿ. ಬಿಡಿಬಿಡಿಯಾಗಿ ಡಬ್ಬದಲ್ಲಿ ರಾಶಿ ಹಾಕಿದ್ದು ಬೇಡ, ಒಂದಕ್ಕೊಂದು ತಾಗಿ ಆಗಲೇ ಖಾಲಿಯಾಗಿರಬಹುದು. ಸೆಲ್ ಬೇಗ ಬೇಗ ಮುಗಿಯುತ್ತಿದ್ದರೆ ಕಾರಣ ಇನ್ನೊಂದು: ಎಳೆದು ಮುಗಿಸಿ ಡಬ್ಬಿ ಬಿಚ್ಚದೆ ಒದ್ದೆ ಪಟ್ಟಿಯನ್ನು ಹಾಗೇ ನೇತು ಹಾಕುತ್ತೀರಿ. ಎರಡು ಪ್ಯಾಡ್ ನಡುವೆ ತೇವ ಇದ್ದರೆ ಅದು ಇನ್ನೂ ಮೈಮೇಲೇ ಇದ್ದೇನೆ ಅಂತ ಗಂಟೆಗಟ್ಟಲೆ ಎಚ್ಚರವಾಗಿರುತ್ತದೆ. ಪೋಲಾರ್ ಕಂಪನಿಯ ಎಚ್10 ಎದೆಪಟ್ಟಿಗೆ ಒಂದು ಸೆಲ್ ಸುಮಾರು 400 ಗಂಟೆ ಬರುತ್ತೆ ಅಂತ ಕಂಪನಿ ಹೇಳುತ್ತದೆ. ದಿನಕ್ಕೆ ಒಂದು ಗಂಟೆ ಎಳೆದರೂ ಒಂದು ವರ್ಷದ ಮೇಲಾಯಿತು. ನಿಮ್ಮದು ಎರಡು ತಿಂಗಳಿಗೇ ಸಾಯುತ್ತಿದ್ದರೆ ಟಿಚ್ ಬಟನ್ ಬಿಚ್ಚಿಡಿ.

ಪಟ್ಟಿ ಸರಿ ಇದೆ, ಮಷಿನ್‌ಗೆ ಮಾತ್ರ ಕಾಣ್ತಿಲ್ಲ

ಫೋನ್‌ನಲ್ಲಿ ಬಡಿತ ಬರುತ್ತಿದೆ, ಮಷಿನ್ ಪರದೆ ಮೇಲೆ ಇಲ್ಲ. ಇಲ್ಲಿ ಕಳ್ಳ ಆ ಫೋನೇ. ಹಲವು ಪಟ್ಟಿಗಳು ಬ್ಲೂಟೂತ್‌ನಲ್ಲಿ ಒಂದು ಸಲಕ್ಕೆ ಒಬ್ಬರ ಜೊತೆ ಮಾತ್ರ ಮಾತಾಡುತ್ತವೆ. ನೀವು ಪಟ್ಟಿ ಕಟ್ಟಿದ ಕೂಡಲೇ ಫೋನ್‌ನ ಯಾವುದೋ ಆ್ಯಪ್ ಅದನ್ನು ಹಿಡಿದುಕೊಂಡಿರುತ್ತದೆ. ಆ್ಯಪ್ ಮುಚ್ಚಿ, ಸಾಲದಿದ್ದರೆ ಫೋನ್ ಬ್ಲೂಟೂತ್ ಆಫ್ ಮಾಡಿ, ಮಷಿನ್‌ಗೆ ಜೋಡಿಸಿ, ಆಮೇಲೆ ಆನ್ ಮಾಡಿ. ಆ್ಯಂಟ್ ಪ್ಲಸ್ ಅನ್ನುವ ಇನ್ನೊಂದು ವೈರ್‌ಲೆಸ್ ಸಂಕೇತದಲ್ಲಿ ಈ ತಕರಾರಿಲ್ಲ, ಅದು ರೇಡಿಯೋ ಹಾಗೆ ಎಲ್ಲರಿಗೂ ಒಟ್ಟಿಗೆ ಬಿತ್ತರಿಸುತ್ತದೆ. ಎಚ್10ನಲ್ಲಿ ಎರಡು ಬ್ಲೂಟೂತ್ ಜೋಡಣೆ ಒಟ್ಟಿಗೆ ಇಟ್ಟುಕೊಳ್ಳಬಹುದು.

ಜಿಮ್‌ನಲ್ಲಿ ತೊಂದರೆ ಬೇರೆ. ಪಕ್ಕದವರೂ ಪಟ್ಟಿ ಕಟ್ಟಿದ್ದರೆ ನಿಮ್ಮ ಪರದೆ ಮೇಲೆ ಅವರ ಬಡಿತ ಬರಬಹುದು. ಕಾನ್ಸೆಪ್ಟ್2 ಕಂಪನಿಯ ರೋಯಿಂಗ್ ಮಷಿನ್‌ನ ಪಿಎಂ5 ಪರದೆ ಬ್ಲೂಟೂತ್, ಆ್ಯಂಟ್ ಪ್ಲಸ್ ಎರಡನ್ನೂ ಹಿಡಿಯುತ್ತದೆ. ಸುತ್ತಲಿನ ಪಟ್ಟಿಗಳನ್ನು ನಂಬರ್ ಸಮೇತ ತೋರಿಸುತ್ತದೆ. ನಿಮ್ಮ ಡಬ್ಬಿ ಮೇಲಿನ ನಂಬರ್ ಫೋನ್‌ನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ಒಂದು ನಿಮಿಷ ಎಳೆಯದೆ ಸುಮ್ನೆ ಕೂತು, ಸಂಖ್ಯೆ ಇಳಿಯುತ್ತಾ ನೋಡಿ. ಇಳಿಯದಿದ್ದರೆ ಅದು ಪಕ್ಕದವರದು.

ಮಾನಿಟರ್ ಸರಿ ಹೇಳ್ತಿದ್ದಾಗ

ಒಂದೇ ಬಲದಲ್ಲಿ 40 ನಿಮಿಷ ಎಳೆದರೆ ಬಡಿತ ತಾನಾಗಿ ಹತ್ತು ಹದಿನೈದು ಮೇಲೇರುವುದುಂಟು. ಮೈ ಬಿಸಿಯಾಗಿ ನೀರು ಕಮ್ಮಿಯಾಗುವುದರಿಂದ ಹೃದಯ ಜಾಸ್ತಿ ಮಿಡಿಯಬೇಕಾಗುತ್ತದೆ. ಏಪ್ರಿಲ್‌ನಲ್ಲಿ ಕಿಟಕಿ ಮುಚ್ಚಿದ ರೂಮಿನಲ್ಲಿ ಇನ್ನೂ ಹೆಚ್ಚು. ಎದುರಿಗೆ ಟೇಬಲ್ ಫ್ಯಾನ್ ಇಡಿ. 220ರಿಂದ ವಯಸ್ಸು ಕಳೆಯುವ ಲೆಕ್ಕವೂ ಒಂದು ಅಂದಾಜು ಮಾತ್ರ, ಎಷ್ಟೋ ಜನರ ಗರಿಷ್ಠ ಬಡಿತ ಅದಕ್ಕಿಂತ ಹತ್ತು ಹನ್ನೆರಡು ಆಚೀಚೆ ಇರುತ್ತದೆ. ಅದನ್ನು ದಾಟಿದ ಮಾತ್ರಕ್ಕೆ ಪಟ್ಟಿಯನ್ನು ಬೈಯಬೇಡಿ.

ಆದರೆ ಬೆರಳಿಟ್ಟು ಎಣಿಸಿದಾಗಲೂ ನಾಡಿ ತಾಳ ತಪ್ಪುತ್ತಿದ್ದರೆ, ಸುಮ್ಮನೆ ಕೂತಿದ್ದರೂ ತುಂಬಾ ಜೋರಾಗಿದ್ದರೆ, ಎದೆ ಹಿಡಿದ ಹಾಗೆ ಆಗುತ್ತಿದ್ದರೆ ಎಳೆಯುವುದು ಅಲ್ಲಿಗೇ ನಿಲ್ಲಿಸಿ. ಅದು ವೈದ್ಯರು ನೋಡಬೇಕಾದ ದೋಷ, ತಡ ಮಾಡಬೇಡಿ. ಪೇಸ್‌ಮೇಕರ್ ಇರುವವರು ಎದೆಪಟ್ಟಿ ಕಟ್ಟುವ ಮುಂಚೆಯೇ ವೈದ್ಯರನ್ನು ಕೇಳಿ. ಭಾವನಿಗೂ ಅದೇ ವಾರ ಒಂದು ಸಲ ತೋರಿಸಿಕೊಂಡು ಬನ್ನಿ ಅಂದೆ, ಹೋಗಿ ಬಂದರು, ಅಕ್ಕನಿಗೆ ಸಮಾಧಾನವಾಯಿತು.

ಹಾಗಾದರೆ ಯಾವುದು ಕೊಳ್ಳೋದು?

ಇಷ್ಟೂ ನೋಡಿದ ಮೇಲೆ ಕೊಳ್ಳಲೇಬೇಕು ಅಂತಿದ್ದರೆ, ರೋಯಿಂಗ್‌ಗೆ ನನ್ನ ಮೊದಲ ಮಾತು ಎದೆಪಟ್ಟಿ. ಒಂದು ನಿಮಿಷ ಜೋರು, ಒಂದು ನಿಮಿಷ ನಿಧಾನ ಅಂತ ಎಳೆಯುವವರಿಗಂತೂ ಅದೇ. ಬೆಳಕಿನ ಸಾಧನಗಳು ಏರಿಳಿತವನ್ನು ಕೆಲವು ಸೆಕೆಂಡ್ ತಡವಾಗಿ ಹೇಳುತ್ತವೆ.

ಎದೆಗೆ ಬಿಗಿಯಾದದ್ದು ಕಟ್ಟಿದರೆ ಉಸಿರು ಕಟ್ಟುತ್ತೆ, ಚರ್ಮ ಕೆಂಪಾಗುತ್ತೆ ಅನ್ನುವವರಿಗೆ ತೋಳುಪಟ್ಟಿ ಇದೆ. ಪೋಲಾರ್ ವೆರಿಟಿ ಸೆನ್ಸ್ ಈ ಜಾತಿಯದು, ಚಾರ್ಜ್ ಮಾಡಿಕೊಳ್ಳಬಹುದು. ಮುಂಗೈಗೆ ಕಟ್ಟಬೇಡಿ, ಭುಜದ ಕೆಳಗೆ ತೋಳಿಗೆ ಕಟ್ಟಿ, ಅಲ್ಲಿ ಅಲುಗಾಟ ಕಮ್ಮಿ. ನಿಧಾನವಾಗಿ ಉದ್ದಕ್ಕೆ ಎಳೆಯುವವರಿಗೆ ಇದು ಧಾರಾಳ ಸಾಕು. ಹಚ್ಚೆ ಇರುವ ಜಾಗ ಬಿಟ್ಟು ಕಟ್ಟಿ, ಶಾಯಿ ಬೆಳಕನ್ನು ತಡೆಯುತ್ತದೆ.

ಕೊಳ್ಳುವ ಮುಂಚೆ ನಿಮ್ಮ ಮಷಿನ್ ಯಾವುದನ್ನು ಕೇಳಿಸಿಕೊಳ್ಳುತ್ತೆ ಅಂತ ಅದರ ಪುಸ್ತಕದಲ್ಲಿ ನೋಡಿ. ಹಳೆಯ ಮತ್ತು ಕಡಿಮೆ ಬೆಲೆಯ ಕೆಲವು ಮಷಿನ್‌ಗಳಿಗೆ ಬ್ಲೂಟೂತ್ ಗೊತ್ತಿಲ್ಲ, 5 ಕಿಲೋಹರ್ಟ್ಜ್ ಸಂಕೇತ ಮಾತ್ರ ಗೊತ್ತು. ಅಂಥವಕ್ಕೆ ಪೋಲಾರ್ ಎಚ್9 ಅಥವಾ ಎಚ್10 ನಡೆಯುತ್ತದೆ, ಅವು ಬ್ಲೂಟೂತ್, ಆ್ಯಂಟ್ ಪ್ಲಸ್, 5 ಕಿಲೋಹರ್ಟ್ಜ್ ಮೂರೂ ಭಾಷೆ ಮಾತಾಡುತ್ತವೆ. ಕೆಲವು ಮಷಿನ್‌ಗಳಿಗೆ ಯಾವುದೂ ಗೊತ್ತಿಲ್ಲ. ಆಗ ಪಟ್ಟಿಯನ್ನು ಫೋನ್‌ಗೇ ಜೋಡಿಸಿ ಮಷಿನ್ ಮುಂದೆ ನಿಲ್ಲಿಸಿಕೊಳ್ಳಿ, ಏನೂ ನಷ್ಟವಿಲ್ಲ. ಪಟ್ಟಿಯ ಅಳತೆ ಟೇಪ್ ಹಿಡಿದು ನೋಡಿ ತರಿಸಿ, ದೊಡ್ಡದಾದರೆ ಎಷ್ಟು ಬಿಗಿದರೂ ಜಾರುತ್ತದೆ.

ಹೊಸದು ಮನೆಗೆ ಬಂದ ದಿನವೇ ಪರೀಕ್ಷೆ ಮಾಡಿ, ವಾಪಸ್ ಕೊಡುವ ಗಡುವು ಮುಗಿಯಲು ಬಿಡಬೇಡಿ. ಐದು ನಿಮಿಷ ಸುಮ್ಮನೆ ಕೂತು, ಹತ್ತು ನಿಮಿಷ 20 ಎಳೆತದಲ್ಲಿ, ಐದು ನಿಮಿಷ ಅದೇ ಬಲದಲ್ಲಿ 28 ಎಳೆತದಲ್ಲಿ, ಕೊನೆಗೆ ಒಂದು ನಿಮಿಷ ಜೋರಾಗಿ. ನಿಲ್ಲಿಸಿದ ಕೂಡಲೇ ಕತ್ತಿಗೆ ಬೆರಳಿಟ್ಟು 15 ಸೆಕೆಂಡ್ ಎಣಿಸಿ. ಪರದೆಯ ಸಂಖ್ಯೆಗೂ ನಿಮ್ಮ ಲೆಕ್ಕಕ್ಕೂ ನಾಲ್ಕೈದು ವ್ಯತ್ಯಾಸ ಇದ್ದರೆ ಇಟ್ಟುಕೊಳ್ಳಿ. ಇಪ್ಪತ್ತು ಇದ್ದರೆ ಪ್ಯಾಡ್ ಮತ್ತೆ ಒದ್ದೆ ಮಾಡಿ ಇನ್ನೊಂದು ಸಲ ನೋಡಿ, ಆಗಲೂ ಅಷ್ಟೇ ಬಂದರೆ ಪ್ಯಾಕ್ ಮಾಡಿ ವಾಪಸ್ ಕಳಿಸಿ.